1.25 ಲಕ್ಷದೊಳಗೆ ರೋಡ್ ಬೈಕ್: ಹೊಸ ಅಲ್ಯೂಮಿನಿಯಂ ತಗೊಳ್ಳಲೋ, ಸೆಕೆಂಡ್ ಹ್ಯಾಂಡ್ ಕಾರ್ಬನ್ ತಗೊಳ್ಳಲೋ?

ಹೆಬ್ಬಾಳ_ಸವಾರ

ಎಲ್ಲರಿಗೂ ನಮಸ್ಕಾರ. ಎಲ್ಲಾ ಸೇರಿ ಬಜೆಟ್ 1,25,000 ರೂಪಾಯಿ, ಅದರ ಮೇಲೆ ಏರಿಸೋಕೆ ಆಗಲ್ಲ. ಎತ್ತರ 172 ಸೆಂ.ಮೀ., ಒಳಗಾಲಿನ ಅಳತೆ 79 ಸೆಂ.ಮೀ., ತೂಕ 75 ಕೆ.ಜಿ. ವಾರದ ದಿನಗಳಲ್ಲಿ 30 ಕಿ.ಮೀ. ಓಡಾಟ, ಭಾನುವಾರ ನಂದಿ ಬೆಟ್ಟ, ಮುಂದಿನ ವರ್ಷ 200 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸೋ ದೂರದ ಸವಾರಿ). ಕಣ್ಣಿಗೆ ಬಿದ್ದಿರೋದು ಎರಡು.

ಮೊದಲನೆಯದು ಹೊಸದು. 6061 ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್, ಶಿಮಾನೋ ಟಿಯಾಗ್ರಾ 10 ಸ್ಪೀಡ್ ಗೇರ್ ಸೆಟ್, ಹೈಡ್ರಾಲಿಕ್ ಡಿಸ್ಕ್, ಗೇರ್ ಹಲ್ಲುಗಳು ಮುಂದೆ 50/34, ಹಿಂದೆ 11-34, 32 ಎಂಎಂ ಟೈರ್. ತೂಕ 10 ಕೆ.ಜಿ., ಬೆಲೆ 1,10,000.

ಎರಡನೆಯದು 2017ರ ಮಾದರಿ, ಸೆಕೆಂಡ್ ಹ್ಯಾಂಡ್. ಪೂರ್ತಿ ಕಾರ್ಬನ್, ಟಿಯಾಗ್ರಾಗಿಂತ ಒಂದು ಮೆಟ್ಟಿಲು ಮೇಲಿನ ಶಿಮಾನೋ 105ರ 5800 ಸರಣಿ 11 ಸ್ಪೀಡ್, ರಿಮ್ ಬ್ರೇಕ್, 52/36, ಹಿಂದೆ 11-28, 25 ಎಂಎಂ ಟೈರ್. ತೂಕ 8.2 ಕೆ.ಜಿ., ಕೇಳ್ತಿರೋದು 95,000.

ಒಂದೂಮುಕ್ಕಾಲು ಕೆ.ಜಿ. ಮೇಲೆ ವ್ಯತ್ಯಾಸ ಇದೆ ಅಂತ ಮನಸ್ಸು ಕಾರ್ಬನ್ ಕಡೆ ಎಳೀತಿದೆ. ಸರಿನಾ?

ಸ್ಪೋಕ್_ಕೀ

ಆ 1.8 ಕೆ.ಜಿ. ಎಲ್ಲಿಂದ ಬಂತು ಅಂತ ಬಿಡಿಸಿ ನೋಡಿ. ಈ ದರ್ಜೆಯ ಅಲ್ಯೂಮಿನಿಯಂ ಫ್ರೇಮ್ ಸುಮಾರು 1.5 ಕೆ.ಜಿ. ತೂಗುತ್ತೆ, ಆ ಕಾಲದ ಮಧ್ಯಮ ಕಾರ್ಬನ್ ಫ್ರೇಮ್ 1.1. ಅಲ್ಲಿಗೆ 400 ಗ್ರಾಂ. ಹೊಸದರ ಫೋರ್ಕ್‌ನಲ್ಲಿ ಕಾಲುಗಳು ಕಾರ್ಬನ್ ಆದರೂ ಸ್ಟೀರರ್ (ಫ್ರೇಮ್ ಒಳಗೆ ಹೋಗಿ ಹ್ಯಾಂಡಲ್‌ಗೆ ಸೇರೋ ಕೊಳವೆ) ಅಲ್ಯೂಮಿನಿಯಂ ಇರುತ್ತೆ, ಅದರಲ್ಲಿ 200. ಡಿಸ್ಕ್ ಬ್ರೇಕ್‌ನ ರೋಟರ್, ಕ್ಯಾಲಿಪರ್, ಎಣ್ಣೆ ಸೇರಿ 450 ಹೆಚ್ಚು. ಚಕ್ರಗಳಲ್ಲಿ 350. ತಂತಿ ಅಂಚಿನ 32ರ ಟೈರ್, ದಪ್ಪ ಟ್ಯೂಬ್ ಅಂತ ಇನ್ನೊಂದು 350-400. ಅಂದಾಜು ಲೆಕ್ಕವೇ, ಆದರೂ ಫ್ರೇಮ್ ಯಾವ ವಸ್ತು ಅನ್ನೋದರ ಪಾಲು ಒಟ್ಟು ವ್ಯತ್ಯಾಸದ ಕಾಲು ಭಾಗದಷ್ಟೂ ಆಗಲ್ಲ.

ಇನ್ನು ನಂದಿ. ಏರಿಕೆ 450 ಮೀಟರ್ ಅಂತ ಇಟ್ಟುಕೊಳ್ಳಿ. ಒಂದು ಕೆ.ಜಿ.ಯನ್ನು ಅಷ್ಟು ಎತ್ತರಕ್ಕೆ ಒಯ್ಯೋಕೆ ಬೇಕಾದ ಶಕ್ತಿ 9.81 ಗುಣಿಸು 450, ಅಂದರೆ ಸುಮಾರು 4,400 ಜೂಲ್. ನೀವು ಪೆಡಲ್‌ಗೆ 200 ವ್ಯಾಟ್ ಹಾಕ್ತೀರಿ ಅಂದ್ರೆ 22 ಸೆಕೆಂಡ್. 1.8 ಕೆ.ಜಿ.ಗೆ 40 ಸೆಕೆಂಡ್. ಸವಾರ, ಬೈಕ್, ನೀರು ಸೇರಿ 86 ಕೆ.ಜಿ. ಮೇಲಕ್ಕೆ ಹೋಗೋಕೆ 35 ನಿಮಿಷದ ಮೇಲೆಯೇ ಹಿಡಿಯುತ್ತೆ. ಅದರಲ್ಲಿ ಫ್ರೇಮ್‌ನ 400 ಗ್ರಾಂ ಉಳಿಸೋದು 9 ಸೆಕೆಂಡ್.

ಸಮತಟ್ಟಿನಲ್ಲಿ ಲೆಕ್ಕವೇ ಬೇರೆ. ಟೈರಿನ ಉರುಳು ಪ್ರತಿರೋಧದ ಗುಣಾಂಕ 0.007 ಇರೋ ಗಡಸು ಟೈರ್ ತೆಗೆದು 0.004ರ ಒಳ್ಳೆ ಟೈರ್ ಹಾಕಿದರೆ ಗಂಟೆಗೆ 30 ಕಿ.ಮೀ. ವೇಗದಲ್ಲಿ 20 ವ್ಯಾಟ್ ಉಳಿಯುತ್ತೆ. ಈ ದುಡ್ಡಿಗೆ ಯಾವ ಫ್ರೇಮೂ ಇಷ್ಟು ಕೊಡಲ್ಲ.

ಏರುದಾರಿ

ಲೆಕ್ಕ ಸರಿ ಇದೆ, ಆದರೆ ಕಾರ್ಬನ್ ಅಂದ್ರೆ ತೂಕ ಮಾತ್ರ ಅಲ್ಲ. ಎಳೆಗಳನ್ನು ಬೇಕಾದ ದಿಕ್ಕಿಗೆ ಹಾಸಬಹುದು. ಬಾಟಂ ಬ್ರಾಕೆಟ್ (ಪೆಡಲ್ ಅಚ್ಚು ಕೂರೋ ಜಾಗ) ಹತ್ತಿರ ಬಿಗಿ, ಸೀಟ್ ಸ್ಟೇ (ಸೀಟಿನಿಂದ ಹಿಂದಿನ ಚಕ್ರಕ್ಕೆ ಇಳಿಯೋ ಕೊಳವೆ) ಹತ್ತಿರ ಮೃದು ಅಂತ ಒಂದೇ ಫ್ರೇಮ್‌ನಲ್ಲಿ ಎರಡೂ ಮಾಡಬಹುದು. ಅಲ್ಯೂಮಿನಿಯಂನಲ್ಲಿ ಕೊಳವೆಯ ಆಕಾರ ಮತ್ತು ಗೋಡೆಯ ದಪ್ಪ ಬದಲಿಸಬಹುದು, ಅಷ್ಟೇ. ಒರಟು ಡಾಂಬರಿನ ಸಣ್ಣ ನಡುಕ ಕಾರ್ಬನ್‌ನಲ್ಲಿ ನಿಜವಾಗಿಯೂ ಕಡಿಮೆ.

5800 ಇವತ್ತಿಗೂ ಒಳ್ಳೆ ಸೆಟ್. 11 ಸ್ಪೀಡ್ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ), ಚೈನ್ ಎಲ್ಲಾ ಕಡೆ ಸಿಗುತ್ತೆ. ರಿಮ್ ಬ್ರೇಕ್ ಆದರೆ ಊರಿನ ಯಾವ ಮೆಕ್ಯಾನಿಕ್ ಬೇಕಾದರೂ ಕೇಬಲ್ ಬದಲಿಸಿ ಕೊಡ್ತಾನೆ, ಬ್ರೇಕ್ ಎಣ್ಣೆ ಬದಲಿಸಿ ಗಾಳಿ ತೆಗೆಯೋ (ಬ್ಲೀಡ್) ಗೋಜಿಲ್ಲ. ಚಕ್ರದ ರಿಮ್ ಅಲ್ಯೂಮಿನಿಯಂ ಆಗಿರಬೇಕು, ಅದೊಂದು ನೋಡಿಕೊಳ್ಳಿ. ಅಗ್ಗದ ಕಾರ್ಬನ್ ರಿಮ್ ಜೊತೆ ರಿಮ್ ಬ್ರೇಕ್ ಇಟ್ಟುಕೊಂಡು ನಂದಿ ಇಳಿಯಬೇಡಿ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡು ಬಂದರೆ ಅಂಟು ಕಾದು ಮೆತ್ತಗಾಗುತ್ತೆ, ರಿಮ್ ಅಂಚು ಹೊರಕ್ಕೆ ಉಬ್ಬುತ್ತೆ.

ಬಿಜಾಪುರ_ಪೆಡಲ್

ಫ್ರೇಮಿನ ಮಾತು ಆಮ್ಯಾಲ ಮಾಡೋಣ್ರಿ, ಮೊದಲ ಗೇರ್ ನೋಡ್ರಿ. ಎರಡನೇ ಗಾಡಿಯೊಳಗ ಎಲ್ಲಕ್ಕಿಂತ ಹಗುರ ಗೇರ್ ಅಂದ್ರ 36ಕ್ಕ 28. ಒಂದು ಸುತ್ತಿಗೆ 2.7 ಮೀಟರ್ ಮುಂದ ಹೋಗತೈತಿ. ನಿಮಿಷಕ್ಕ 70 ಸುತ್ತು ತುಳೀಬೇಕಂದ್ರ ಗಂಟೆಗೆ 11.3 ಕಿ.ಮೀ. ವೇಗ ಇರಬೇಕು. ನೂರಕ್ಕ ಆರು ಏರಿನೊಳಗ ಅದಕ್ಕ ಸುಮಾರು 180 ವ್ಯಾಟ್ ಸಾಕು, ಖರೇ. ಆದ್ರ ತಿರುವಿನೊಳಗ ನೂರಕ್ಕ ಹತ್ತು ಬಂದ್ರ 280 ವ್ಯಾಟ್ ಬೇಕು. ಅಷ್ಟು ಇಲ್ಲಂದ್ರ ಸುತ್ತು 50ಕ್ಕ ಇಳೀತದ, ಮೊಣಕಾಲಿನ ಮ್ಯಾಲೆ ಭಾರ ಬೀಳತದ. ಹೊಸಾ ಗಾಡಿಯೊಳಗ 34ಕ್ಕ 34 ಐತಿ, ಒಂದು ಸುತ್ತಿಗೆ 2.1 ಮೀಟರ್. ಅದೇ ಏರಿಗೆ ಅದೇ 70 ಸುತ್ತಿನೊಳಗ 220 ವ್ಯಾಟ್ ಹತ್ತಿರ ಮುಗೀತದ.

ಹಿಂದ 32 ಹಾಕ್ಕೋತೀನಿ ಅಂತೀರಿ ಅನ್ನಕೋರಿ. 5800ದ ಗಿಡ್ಡ ಕೇಜಿನ (ಕೆಳಗಿನ ತೋಳಿನ) ಡಿರೇಲರ್, ಅಂದ್ರ ಚೈನ್ ಒಂದು ಹಲ್ಲಿಂದ ಇನ್ನೊಂದಕ್ಕ ದಾಟಿಸೋ ಭಾಗ, 28ರ ತನಕ ಮಾತ್ರ. 32 ಬೇಕಂದ್ರ ಉದ್ದ ಕೇಜಿಂದು ಬೇಕು, ಚೈನ್ ಹೊಸಾದು ಬೇಕು. ಮುಂದಿನ 36 ತಗದು 34 ಹಾಕಬಹುದು, ಕ್ರ್ಯಾಂಕಿನ (ಪೆಡಲ್ ಕೂರೋ ಭಾಗ) ನಾಲ್ಕು ತೋಳು ಅದೇ ಅಳತೀದು. ಆದ್ರ 52 ಹಂಗ ಬಿಟ್ಟು ಬರೇ 34 ಹಾಕಬ್ಯಾಡ್ರಿ. ನಡುವಿನ ಅಂತರ 18 ಹಲ್ಲು ಆಗತದ, ಮುಂದಿನ ಡಿರೇಲರಿನ ಮಿತಿ 16. ಎರಡೂ ಬದಲಿಸಬೇಕು.

ಇನ್ನ ಅಲ್ಯೂಮಿನಿಯಂ ಅಂದ್ರ ರೇಸಿಗೆ ಅಲ್ಲ ಅನ್ನೋ ಮಾತು ಬಿಡ್ರಿ. 1998ರೊಳಗ ಇಟಲಿಯ ರೇಸರ್ ಪಂತಾನಿ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಅಲ್ಯೂಮಿನಿಯಂ ಬಿಯಾಂಕಿ ಮ್ಯಾಲೆ.

ಟಾರ್ಕ್_5

ನನ್ನ ಮಟ್ಟಿಗೆ ಇಲ್ಲಿ ಗೇರ್‌ಗಿಂತ ಮುಖ್ಯ ಟೈರಿಗೆ ಇರೋ ಜಾಗ. ರಸ್ತೆಯ ಪೆಟ್ಟನ್ನು ಮೊದಲು ತಗೊಳ್ಳೋದು ಟೈರ್, ಆಮೇಲೆ ಸೀಟ್ ಪೋಸ್ಟ್, ಕೊನೆಗೆ ಫ್ರೇಮ್. 75 ಕೆ.ಜಿ. ಸವಾರನಿಗೆ 25ರ ಟೈರಲ್ಲಿ 85-90 ಪಿಎಸ್‌ಐ ಗಾಳಿಯ ಒತ್ತಡ ಬೇಕು, ಇಲ್ಲದಿದ್ದರೆ ಗುಂಡಿ ಅಂಚಿಗೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತೆ. 32ರಲ್ಲಿ 55-60 ಸಾಕು. ಏರುದಾರಿಯವರು ಹೇಳಿದ ಸಣ್ಣ ನಡುಕದ ವ್ಯತ್ಯಾಸ ಇರೋದು ನಿಜ. ಆದರೆ 30 ಪಿಎಸ್‌ಐ ಇಳಿಸಿದಾಗ ಸಿಗೋ ಆರಾಮದ ಮುಂದೆ ಅದು ಚಿಕ್ಕದು. ನಮ್ಮ ಹಂಪು, ಗುಂಡಿ, ಕೇಬಲ್ ಅಗೆದು ಮುಚ್ಚಿದ ರಸ್ತೆಗಳಲ್ಲಂತೂ ಕೇಳೋದೇ ಬೇಡ.

ಆದರೂ ಕಾರ್ಬನ್ ನೋಡೋಕೆ ಹೋಗೋದಾದರೆ ಬರಿಗೈಲಿ ಹೋಗಬೇಡಿ. 4 ಮತ್ತು 5 ಎಂಎಂ ಅಲೆನ್ ಕೀ, ಟಾರ್ಚ್, ಒಂದು ನಾಣ್ಯ, ಒದ್ದೆ ಬಟ್ಟೆ, ಸ್ಟೀಲ್ ಸ್ಕೇಲ್ ಜೊತೆಗಿರಲಿ. ಬೈಕ್ ತೊಳೆದು ಒರೆಸಿದ ಮೇಲೇ ನೋಡೋದು ಅಂತ ಮಾರುವವರಿಗೆ ಮೊದಲೇ ಹೇಳಿ. ಕೊಳೆಯ ಕೆಳಗೆ ಬಿರುಕು ಕಾಣಲ್ಲ.

ಮೊದಲು ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬ್‌ಗೆ, ಪೆಡಲ್ ಕಡೆಯಿಂದ ಬರೋ ಡೌನ್ ಟ್ಯೂಬ್ ಸೇರುವ ಕೆಳಭಾಗ. ಮುಂದಿನಿಂದ ಗುದ್ದಿದ ಬೈಕಲ್ಲಿ ಬಿರುಕು ಬರೋದು ಅಲ್ಲೇ. ಬಣ್ಣದ ಮೇಲಿನ ಗೀರು ಬೇರೆ, ಬಿರುಕು ಬೇರೆ. ಉಗುರು ಎಳೆದಾಗ ಎರಡೂ ಕಡೆ ಒಂದೇ ಮಟ್ಟ ಇದ್ದರೆ ಬಹುಶಃ ಬಣ್ಣ. ಉಗುರು ಸಿಕ್ಕಿಕೊಂಡರೆ, ಒಂದು ಅಂಚು ಎದ್ದಿದ್ದರೆ, ಹೆಬ್ಬೆರಳಲ್ಲಿ ಒತ್ತಿದಾಗ ಒಳಗೆ ಹೋದರೆ ಅಲ್ಲಿಗೇ ಬಿಡಿ. ಆಮೇಲೆ ಬಲಗಡೆಯ ಚೈನ್‌ಸ್ಟೇ (ಪೆಡಲ್ ಹತ್ತಿರದಿಂದ ಹಿಂದಿನ ಚಕ್ರಕ್ಕೆ ಹೋಗೋ ಕೊಳವೆ), ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ಹಿಂದೆ. ಚೈನ್ ಸಿಕ್ಕಿಹಾಕಿಕೊಂಡು ಉಜ್ಜಿ ಎಳೆ ಕಿತ್ತಿರುತ್ತೆ. ಟಾಪ್ ಟ್ಯೂಬ್ (ಮೇಲಿನ ಅಡ್ಡ ಕೊಳವೆ) ಗೋಡೆ ತೆಳು. ಕಾರಿನ ರ‍್ಯಾಕ್‌ನ ಹಿಡಿಕೆ ಬಿಗಿದು ಒತ್ತಿರೋದು, ಬಿದ್ದಾಗ ಹ್ಯಾಂಡಲ್ ತಿರುಗಿ ಹೊಡೆದಿರೋದು ಅಲ್ಲಿ ಗೊತ್ತಾಗುತ್ತೆ.

ನಾಣ್ಯ ತಟ್ಟೋದು ಹೇಗೆ ಅಂದ್ರೆ, ಎಡಗಡೆ ಒಂದು ಜಾಗ ತಟ್ಟಿ, ಬಲಗಡೆ ಅದೇ ಜಾಗ ತಟ್ಟಿ ಹೋಲಿಸಬೇಕು. ದಪ್ಪ ಬದಲಾದ ಕಡೆ ಸದ್ದು ತಾನಾಗಿಯೇ ಬದಲಾಗುತ್ತೆ, ಹಾಗಾಗಿ ಒಂದೇ ಕೊಳವೆಯ ಉದ್ದಕ್ಕೂ ತಟ್ಟಿಕೊಂಡು ಹೋಗಿ ಗಾಬರಿ ಆಗಬೇಡಿ. ಒಂದು ಕಡೆ ಟಕ್ ಟಕ್ ಅಂತಿದ್ದು, ಇನ್ನೊಂದು ಕಡೆ ಅದೇ ಜಾಗದಲ್ಲಿ ಮಂಕಾಗಿ ದಬ್ ಅಂದರೆ ಪದರ ಬಿಟ್ಟಿರಬಹುದು.

ಸೀಟ್ ಕ್ಲ್ಯಾಂಪ್ ಸಡಿಲಿಸಿ ಪೋಸ್ಟ್ ಮೇಲೆ ಕೆಳಗೆ ಆಡುತ್ತಾ ನೋಡಿ. ಆಮೇಲೆ ಎಲ್ಲಕ್ಕಿಂತ ಮುಖ್ಯ, ಆದರೆ ಯಾರೂ ಮಾಡದ ಕೆಲಸ: ಸ್ಟೆಮ್ (ಹ್ಯಾಂಡಲ್ ಹಿಡಿದಿರೋ ತುಂಡು) ತೆಗೆದು, ಫೋರ್ಕ್ ಹೊರಗೆಳೆದು ಸ್ಟೀರರ್ ನೋಡೋದು. ಸ್ಟೆಮ್ ಬಿಗಿದ ಜಾಗದಲ್ಲಿ ಅಡ್ಡ ಗುರುತು, ಕೆಳಗಿನ ಬೇರಿಂಗ್ ಕೂರುವ ಕಡೆ ಬಿರುಕು ಇದೆಯಾ? ಒಳಗೆ ವಿಸ್ತರಿಸುವ ಪ್ಲಗ್ ಇರಬೇಕು. ಯಾರೋ ಬಡಿದು ಕೂರಿಸಿದ ಸ್ಟಾರ್ ನಟ್ ಇದ್ದರೆ ಆ ಫೋರ್ಕ್ ಬೇಡವೇ ಬೇಡ. ಅದರ ಹಲ್ಲು ಕಾರ್ಬನ್ನನ್ನು ಒಳಗಿಂದ ಕೊರೆದಿರುತ್ತೆ. ಫ್ರೇಮ್ ಬಿರುಕನ್ನು ತಿಳಿದವರು ರಿಪೇರಿ ಮಾಡಬಹುದು, ಸ್ಟೀರರ್ ರಿಪೇರಿ ಮಾಡಿಸಬಾರದು. ಅದು ತುಂಡಾದರೆ ಹ್ಯಾಂಡಲ್ ಕೈಲಿ ಉಳಿಯುತ್ತೆ, ಸವಾರ ನೆಲಕ್ಕೆ.

ಫೋರ್ಕ್ ತೆಗೆಯೋಕೆ ಮಾರುವವರು ಒಪ್ಪದಿದ್ದರೆ ವ್ಯಾಪಾರ ಬೇಡ. ಅಂಗಡಿಗೆ ಒಯ್ದು ಅರ್ಧ ಗಂಟೆ ಕೂಲಿ ಕೊಟ್ಟು ಅಲ್ಲೇ ಬಿಚ್ಚಿಸೋಣ ಅಂತ ಕೇಳಿ, ಅದು ನ್ಯಾಯವಾದ ಬೇಡಿಕೆ.

ಸ್ಪೋಕ್_ಕೀ

ಸೆಕೆಂಡ್ ಹ್ಯಾಂಡ್ ನೋಡುವ ಎಲ್ಲರಿಗೂ ಒಂದು ಸೇರಿಸ್ತೀನಿ. ಇದೇ ಬೆಲೆಗೆ ಅಲ್ಟೆಗ್ರಾ ಅಥವಾ ಡ್ಯುರಾ ಏಸ್ (105ಕ್ಕಿಂತ ಮೇಲಿನ ಶಿಮಾನೋ ಗೇರ್ ಸೆಟ್) ಇರೋ ಹಳೇ ಬೈಕ್ ಸಿಕ್ಕರೆ ಕ್ರ್ಯಾಂಕ್ ನೋಡದೆ ಕೊಳ್ಳಬೇಡಿ. 6800, ಆರ್8000, 9000, ಆರ್9100 ಸರಣಿಯ 11 ಸ್ಪೀಡ್ ಕ್ರ್ಯಾಂಕ್‌ಗಳು ಎರಡು ಭಾಗ ಅಂಟಿಸಿ ಮಾಡಿದವು. 2019ರ ಜುಲೈಗೆ ಮುಂಚೆ ತಯಾರಾದವುಗಳ ಅಂಟು ಬಿಡಬಹುದು ಅಂತ 2023ರಲ್ಲಿ ಶಿಮಾನೋ ತಾನೇ ತಪಾಸಣೆ ಘೋಷಿಸಿತು. ಅಧಿಕೃತ ಡೀಲರ್ ಹತ್ತಿರ ನೋಡಿಸಿದ್ದಾರಾ, ಬದಲಿಸಿದ್ದಾರಾ ಕೇಳಿ. ನೀವು ನೋಡ್ತಿರೋ 105 ಆ ಪಟ್ಟಿಯಲ್ಲಿ ಇಲ್ಲ.

ಕಡಲ_ಗಾಳಿ

ಕರಾವಳಿಯವರಿಗೆ ಒಂದು ಮಾತು. ಇಲ್ಲಿ ಉಪ್ಪು ಗಾಳಿಗೆ ಅಲ್ಯೂಮಿನಿಯಂ ಬಣ್ಣದ ಕೆಳಗೆ ಬಿಳಿ ಹುಡಿ ಏಳ್ತದೆ, ಬಾಟಲಿ ಬೋಲ್ಟಿನ ಸುತ್ತ ಮೊದಲು. ಕಾರ್ಬನ್‌ಗೆ ತುಕ್ಕಿಲ್ಲ ಅಂತ ಖುಷಿಪಡುವ ಹಾಗೂ ಇಲ್ಲ ಮಾರಾಯ್ರೆ. ಕಾರ್ಬನ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿದ್ದು, ನಡುವೆ ಉಪ್ಪುನೀರು ಅಥವಾ ಬೆವರು ನಿಂತರೆ ಬ್ಯಾಟರಿಯ ಹಾಗೆ ಕೆಲಸ ಆಗ್ತದೆ, ಅಲ್ಯೂಮಿನಿಯಂ ಕರಗ್ತಾ ಬರ್ತದೆ. ಕಾರ್ಬನ್ ಫ್ರೇಮ್ ಒಳಗೆ ಅಲ್ಯೂಮಿನಿಯಂ ಸೀಟ್ ಪೋಸ್ಟ್ ಕಚ್ಚಿ ಕೂರುವುದು ಇದರಿಂದಲೇ. ತಿರುಗಿಸಿ ಎಳೆಯಲು ಹೋದರೆ ಫ್ರೇಮೇ ಸೀಳಬಹುದು. ಟಾರ್ಕ್_5 ಹೇಳಿದ ಸೀಟ್ ಪೋಸ್ಟ್ ಪರೀಕ್ಷೆ ಬಿಡಬೇಡಿ. ತಿಂಗಳಿಗೊಮ್ಮೆ ತೆಗೆದು ಒರೆಸಿ, ಕಾರ್ಬನ್ ಪೇಸ್ಟ್ ಹಚ್ಚಿ ಹಾಕಿದರೆ ಈ ತೊಂದರೆ ಬರುವುದಿಲ್ಲ. ಮನೆಯೊಳಗೆ ಟ್ರೇನರ್ ಮೇಲೆ ತುಳಿಯುವವರೂ ಇದನ್ನೇ ಮಾಡಬೇಕು. ಬೆವರು ಸಮುದ್ರಕ್ಕಿಂತ ಕಡಿಮೆ ಏನಲ್ಲ.

ಹೆಬ್ಬಾಳ_ಸವಾರ

ತುಂಬಾ ಧನ್ಯವಾದ. ಒಂದು ಅನುಮಾನ. ಅಲ್ಯೂಮಿನಿಯಂಗೆ ಆಯುಷ್ಯ ಇದೆ, ಕೆಲವು ವರ್ಷಕ್ಕೆ ದಣಿದು ಬಿರುಕು ಬಿಡುತ್ತೆ, ಕಾರ್ಬನ್‌ಗೆ ಆ ಕಾಟ ಇಲ್ಲ ಅಂತಾರಲ್ಲ?

ಸ್ಪೋಕ್_ಕೀ

ಅರ್ಧ ನಿಜ. ಉಕ್ಕಿಗೆ ಒಂದು ಮಿತಿ ಇದೆ, ಅದರ ಕೆಳಗಿನ ಒತ್ತಡ ಎಷ್ಟು ಸಲ ಬಿದ್ದರೂ ದಣಿಯಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಒತ್ತಡವೂ ಲೆಕ್ಕಕ್ಕೆ ಸೇರುತ್ತೆ. ಅದಕ್ಕೇ ಕೊಳವೆಗಳನ್ನು ದಪ್ಪ ವ್ಯಾಸದಲ್ಲಿ, ಒತ್ತಡ ತುಂಬಾ ಕಡಿಮೆ ಬರೋ ಹಾಗೆ ಮಾಡಿರ್ತಾರೆ. ನಿಮ್ಮ ಬಳಕೆಗೆ ಒಳ್ಳೆ ಫ್ರೇಮ್ ವರ್ಷಾನುಗಟ್ಟಲೆ ಬರುತ್ತೆ. ಬಿರುಕು ಬರೋದು ವೆಲ್ಡ್ ಪಕ್ಕದಲ್ಲಿ: ಹೆಡ್ ಟ್ಯೂಬ್ ಕೆಳಗೆ, ಬಾಟಂ ಬ್ರಾಕೆಟ್ ಸುತ್ತ, ಸೀಟ್ ಟ್ಯೂಬಿನ ಸೀಳಿನ ತುದಿಯಲ್ಲಿ. ತೊಳೆಯುವಾಗ ಆ ಮೂರು ಜಾಗ ನೋಡಿ ಸಾಕು. ಬಣ್ಣದಲ್ಲಿ ಕೂದಲೆಳೆ ಗೆರೆ, ಅದರಿಂದ ಕಪ್ಪು ಕೊಳೆ ಒಸರಿದ್ದರೆ ಓಡಿಸೋದು ನಿಲ್ಲಿಸಿ.

ಬಿರುಕು ಬಿಟ್ಟದ್ದನ್ನು ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. 6061 ಫ್ರೇಮ್‌ಗೆ ಬೆಸೆದ ಮೇಲೆ ಒಲೆಯಲ್ಲಿ ಶಾಖೋಪಚಾರ ಮಾಡಿ ಬಲ ಬರಿಸಿರ್ತಾರೆ. ಮತ್ತೆ ಬೆಸೆದರೆ ಆ ಸುತ್ತಿನ ಲೋಹ ಮೆತ್ತಗಾಗುತ್ತೆ, ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತೆ. ಈ ವಿಷಯದಲ್ಲಿ ಕಾರ್ಬನ್ ಮೇಲು, ಮರಳು ಕಾಗದದಲ್ಲಿ ತೇಯ್ದು ಹೊಸ ಪದರ ಎಪಾಕ್ಸಿ ಹಾಕಿ ಕಟ್ಟಬಹುದು.

ಬೀಳೋ ವಿಚಾರಕ್ಕೆ ಬಂದರೆ ಅಲ್ಯೂಮಿನಿಯಂ ನೆಗ್ಗುತ್ತೆ, ನೆಗ್ಗಿದ್ದು ಕಣ್ಣಿಗೆ ಕಾಣುತ್ತೆ. ಕಾರ್ಬನ್ ಹೊರಗೆ ನೆಟ್ಟಗಿದ್ದು ಒಳಗೆ ಪದರ ಬಿಟ್ಟಿರಬಹುದು. ಹಳೆಯ ಕಾರ್ಬನ್ ಕೊಳ್ಳುವಾಗ ನೀವು ಹೊತ್ತುಕೊಳ್ಳೋ ಅಪಾಯ ಇದೇ, ವಯಸ್ಸಲ್ಲ.

ಮೂರನೇ_ಗೇರ್

ನಡುವೆ ಬಂದದ್ದಕ್ಕೆ ಕ್ಷಮಿಸಿ. ಹೆಸರಿಲ್ಲದ ಕಾರ್ಬನ್ ಫ್ರೇಮ್ ಹೊರದೇಶದಿಂದ ತರಿಸಿ, ಮೇಲೆ ಟಿಯಾಗ್ರಾ ಜೋಡಿಸಿದರೆ ಇದೇ ಬಜೆಟ್‌ನಲ್ಲಿ ಆಗಲ್ವಾ?

ಟಾರ್ಕ್_5

ಈ ಬಜೆಟ್‌ನಲ್ಲಿ ಬೇಡ. ಫ್ರೇಮ್ ಬೆಲೆ ಮೇಲೆ ಸಾಗಣೆ, ಕಸ್ಟಮ್ಸ್, ಬಾಟಂ ಬ್ರಾಕೆಟ್, ಹೆಡ್‌ಸೆಟ್, ಕೂಲಿ ಸೇರಿದರೆ ಚಕ್ರಕ್ಕೆ ದುಡ್ಡು ಉಳಿಯಲ್ಲ. ಬಿಡಿಬಿಡಿಯಾಗಿ ಕೊಂಡ ಗೇರ್ ಸೆಟ್ ಯಾವತ್ತೂ ಪೂರ್ತಿ ಬೈಕಿನ ಜೊತೆ ಬರೋದಕ್ಕಿಂತ ದುಬಾರಿ. ಬಾಟಂ ಬ್ರಾಕೆಟ್ ಗೂಡು ಸರಿಯಾಗಿ ದುಂಡಗಿಲ್ಲದಿದ್ದರೆ ಪ್ರೆಸ್ ಫಿಟ್ ಬೇರಿಂಗ್ ಮೊದಲ ದಿನದಿಂದಲೇ ಕಿರುಗುಟ್ಟುತ್ತೆ, ವಾಪಸ್ ಕಳಿಸೋ ದಾರಿಯೂ ಇರಲ್ಲ. ಪ್ರಸಿದ್ಧ ಬ್ರಾಂಡಿನ ಹೆಸರು ಅಂಟಿಸಿ ಕಾಲು ಬೆಲೆಗೆ ಮಾರೋ ಫ್ರೇಮ್ ಹತ್ತಿರ ಸುಳಿಯಲೇಬೇಡಿ.

ಹೆಬ್ಬಾಳ_ಸವಾರ

ಕಾರ್ಬನ್ ಬೈಕ್ ನೋಡಿದೆ. ಬಿರುಕು ಎಲ್ಲೂ ಕಾಣಲಿಲ್ಲ, ನಾಣ್ಯದ ಸದ್ದು ಎರಡೂ ಕಡೆ ಒಂದೇ. ಸ್ಟೀರರ್ ಚೊಕ್ಕ, ಪ್ಲಗ್ ಸರಿಯಾಗಿದೆ. ಆದರೆ ಸ್ಟೆಮ್ ಕೆಳಗೆ 5 ಎಂಎಂ ಸ್ಪೇಸರ್ (ಎತ್ತರಕ್ಕೆ ಹಾಕೋ ಬಳೆ) ಮಾತ್ರ, ಸ್ಟೀರರ್ ಅಷ್ಟಕ್ಕೇ ಕತ್ತರಿಸಿದ್ದಾರೆ. ಕ್ಲ್ಯಾಂಪ್ ಸಡಿಲಿಸಿದರೂ ಸೀಟ್ ಪೋಸ್ಟ್ ಅಲುಗಾಡಲಿಲ್ಲ. ಚೈನ್‌ಸ್ಟೇ ನಡುವೆ 25ರ ಟೈರಿಗೆ ಎರಡೂ ಕಡೆ 3 ಎಂಎಂ ಉಳಿಯುತ್ತೆ. ಚೈನನ್ನು 12 ಜೋಡಿ ಕೊಂಡಿ ಸ್ಕೇಲ್ ಇಟ್ಟು ಅಳೆದರೆ 307 ಎಂಎಂ.

ಟಾರ್ಕ್_5

ಹೊಸ ಚೈನ್ 304.8 ಇರುತ್ತೆ. 307 ಅಂದರೆ ಶೇ. 0.7 ಸವೆತ. 11 ಸ್ಪೀಡ್‌ನಲ್ಲಿ 0.5ಕ್ಕೇ ಬದಲಿಸಬೇಕು, ಹಾಗಾಗಿ ಕ್ಯಾಸೆಟ್ಟೂ ಹೋಗಿರುತ್ತೆ ಅಂತ ಹಿಡಿಯಿರಿ. ಚೈನ್, ಕ್ಯಾಸೆಟ್, ಉದ್ದ ಕೇಜಿನ ಡಿರೇಲರ್, ಎರಡು ಚೈನ್‌ರಿಂಗ್, ಕೇಬಲ್, ಟೈರ್ ಎಲ್ಲಾ ಕೂಡಿಸಿದರೆ 1.25 ಲಕ್ಷ ದಾಟುತ್ತೆ. ಇದಕ್ಕಿಂತ ಮುಖ್ಯವಾದವು ದುಡ್ಡು ಕೊಟ್ಟರೂ ಸರಿಯಾಗದವು. ಕತ್ತರಿಸಿದ ಸ್ಟೀರರ್ ಉದ್ದ ಆಗಲ್ಲ, ಹಾಗಾಗಿ ಹ್ಯಾಂಡಲ್ ಏರಿಸೋಕೆ ಆಗಲ್ಲ, 28ರ ಟೈರ್ ನೆಮ್ಮದಿಯಾಗಿ ಕೂರಲ್ಲ, ಕಚ್ಚಿದ ಪೋಸ್ಟ್ ಬರುತ್ತೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಸೀಟಿನ ಎತ್ತರ 79 ಗುಣಿಸು 0.883, ಸುಮಾರು 69.8 ಸೆಂ.ಮೀ. ಬರಬೇಕು. ಪೋಸ್ಟ್ ಅಲ್ಲಾಡದಿದ್ದರೆ ಅದಕ್ಕೂ ದಾರಿಯಿಲ್ಲ.

ಏರುದಾರಿ

ಒಪ್ಪಿದೆ. ಪೋಸ್ಟ್ ಆಡ್ತಿದ್ದು, 28ರ ಟೈರ್ ಕೂತು, 80,000ಕ್ಕೆ ಕೊಟ್ಟಿದ್ದರೆ ಇನ್ನೂ ವಾದ ಮಾಡ್ತಿದ್ದೆ. ಈ ಬೈಕ್ ಬಿಡಿ.

ಬಿಜಾಪುರ_ಪೆಡಲ್

ಹೊಸಾ ಗಾಡಿ ತಗೋರಿ. ಬೆಲೆ ಮಾತಾಡುವಾಗ ಒಂದು ನೆನಪಿಡ್ರಿ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮ್ಯಾಲಿನ ಜಿಎಸ್‌ಟಿ 12ರಿಂದ 5ಕ್ಕ ಇಳದೈತಿ. ಬಿಲ್ಲಿನೊಳಗ ನೋಡಿ ತಗೋರಿ. ಫ್ರೇಮ್ ನಂಬರ್ ಬಾಟಂ ಬ್ರಾಕೆಟ್ ಕೆಳಗ ಇರತದ, ಅದನ್ನ ಬಿಲ್ಲಿನ ಮ್ಯಾಲೆ ಬರೆಸರಿ. ಫ್ರೇಮಿನ ವಾರಂಟಿ ಸಾಮಾನ್ಯವಾಗಿ ಮೊದಲ ಮಾಲೀಕಗ ಮಾತ್ರ.

ಉಳಿದ 15,000ದೊಳಗ ಮೊದಲ ಹೆಲ್ಮೆಟ್, ಮೀಟರ್ ಇರೋ ನೆಲದ ಪಂಪು, ಮುಂದ ಹಿಂದ ಲೈಟು. ಆಮ್ಯಾಲ ಮಡಚೋ ಅಂಚಿನ 28 ಇಲ್ಲಾ 30ರ ಟೈರ್. ಟಿಪಿಯು (ತೆಳು ಪ್ಲಾಸ್ಟಿಕ್) ಟ್ಯೂಬ್ ಒಂದಕ್ಕ 40 ಗ್ರಾಂ ಹತ್ತಿರ, ಈಗಿರೋ ಕರೀ ಟ್ಯೂಬ್ 100ರ ಮ್ಯಾಲೆ. ದುಡ್ಡು ಸಾಲದಿದ್ರ ಟೈರ್ ಮೊದಲ, ಟ್ಯೂಬ್ ಆಮ್ಯಾಲ. ಬ್ರೆವೆ 200ಕ್ಕ 13 ಗಂಟೆ 30 ನಿಮಿಷ ಸಮಯ ಐತಿ, ಅದಕ್ಕ ಹಗುರ ಗಾಡಿಗಿಂತ ನೆಟ್ಟಗ ಕುಂದರಾಕ ಬರೋ ಗಾಡಿ ಬೇಕು.

ಟಾರ್ಕ್_5

ಅಂಗಡಿಯಿಂದ ತಂದ ಮೇಲೆ ಟಾರ್ಕ್ ವ್ರೆಂಚ್ ಎರವಲು ಸಿಕ್ಕರೆ ಒಂದು ಸಲ ಎಲ್ಲಾ ನೋಡಿ. ಸ್ಟೆಮ್ ಬೋಲ್ಟ್ 5 ನ್ಯೂಟನ್ ಮೀಟರ್, ಸ್ಟೆಮ್ ಮೇಲೆ ಬರೆದಿರೋದು ಬೇರೆ ಇದ್ದರೆ ಅದೇ ಸರಿ. ಎಡ ಕ್ರ್ಯಾಂಕಿನ ಎರಡು ಬೋಲ್ಟ್ 12ರಿಂದ 14, ಒಂದನ್ನೇ ಪೂರ್ತಿ ಬಿಗಿಯದೆ ಎರಡನ್ನೂ ಸರದಿಯಲ್ಲಿ. ಪೆಡಲ್ ಕೂರಿಸುವ ಮುಂಚೆ ಎಳೆಗೆ ಗ್ರೀಸ್. ಎಡ ಪೆಡಲ್ ಉಲ್ಟಾ ತಿರುಗಿಸಬೇಕು ಅನ್ನೋದು ಮರೆತರೆ ಕ್ರ್ಯಾಂಕಿನ ಎಳೆ ಹಾಳಾಗುತ್ತೆ.

ಡಿಸ್ಕ್ ಪ್ಯಾಡ್ ಹದಕ್ಕೆ ಬರದೆ ನಂದಿಗೆ ಹೋಗಬೇಡಿ. ಖಾಲಿ ರಸ್ತೆಯಲ್ಲಿ ಗಂಟೆಗೆ 25-30 ಕಿ.ಮೀ.ಗೆ ಏರಿಸಿ, ನಡೆಯೋ ವೇಗಕ್ಕೆ ಬರೋವರೆಗೆ ಒಂದೇ ಸಮ ಒತ್ತಿ, ಪೂರ್ತಿ ನಿಲ್ಲಿಸದೆ ಬಿಡಿ. ಮುಂದಿನದಕ್ಕೆ 20 ಸಲ, ಹಿಂದಿನದಕ್ಕೆ 20 ಸಲ. ರೋಟರ್‌ಗೆ ಚೈನ್ ಎಣ್ಣೆ, ಕೈ ಜಿಡ್ಡು ತಾಗಬಾರದು. ತಾಗಿದರೆ ರೋಟರನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬಹುದು, ಎಣ್ಣೆ ಕುಡಿದ ಪ್ಯಾಡ್ ಮಾತ್ರ ಬದಲಿಸಲೇಬೇಕು. ಮೊದಲ ಕೆಲವು ವಾರದಲ್ಲಿ ಗೇರ್ ಕೇಬಲ್ ಹೊದಿಕೆ ಕೂತು ಸಡಿಲ ಆಗುತ್ತೆ. ದೊಡ್ಡ ಹಲ್ಲಿಗೆ ಏರೋಕೆ ಚೈನ್ ಹಿಂಜರಿದರೆ ಹಿಂದಿನ ಡಿರೇಲರ್ ಹತ್ತಿರದ ಬ್ಯಾರೆಲ್ ತಿರುಪನ್ನು ಅಪ್ರದಕ್ಷಿಣೆಯಾಗಿ ಕಾಲು ಸುತ್ತು ತಿರುಗಿಸಿ ನೋಡಿ, ಬೇಕಾದರೆ ಇನ್ನೊಂದು ಕಾಲು. ಎಚ್, ಎಲ್ ಅಂತ ಬರೆದಿರೋ ಸ್ಕ್ರೂ ಮುಟ್ಟಬೇಡಿ, ಅವು ಚೈನ್ ಆಚೀಚೆ ಬೀಳದ ಹಾಗೆ ತಡೆಯೋಕೆ ಮಾತ್ರ.

ಹೆಬ್ಬಾಳ_ಸವಾರ

ಹೊಸದಕ್ಕೆ ಮುಂಗಡ ಕೊಟ್ಟೆ. 28ರ ಟೈರಿಗೆ ಎಷ್ಟು ಗಾಳಿ?

ಟಾರ್ಕ್_5

ಹಿಂದೆ 75, ಮುಂದೆ 70ರಿಂದ ಶುರು ಮಾಡಿ. ಗುಂಡಿಯಲ್ಲಿ ರಿಮ್ ತಾಗಿದ ಸದ್ದು ಬರದಿದ್ದರೆ 2-3 ಪಿಎಸ್‌ಐ ಇಳಿಸ್ತಾ ಬನ್ನಿ. ಮಳೆಯ ದಿನ ಇನ್ನೂ 5 ಕಡಿಮೆ.